ಆರು ಮೊಟ್ಟೆ, ಎರಡು ಖಾತೆ

ಒಂದು ಮೊಟ್ಟೆಗೆ ಆರು ರೂಪಾಯಿ. ಅದರಲ್ಲಿ 5 ರೂಪಾಯಿ 20 ಪೈಸೆ ಮೊಟ್ಟೆ ಕೊಳ್ಳಲು, 50 ಪೈಸೆ ಬೇಯಿಸುವ ಇಂಧನಕ್ಕೆ, ಉಳಿದ 30 ಪೈಸೆ ಸಿಪ್ಪೆ ಸುಲಿದುಕೊಡುವ ಅಡುಗೆಯವರಿಗೆ. ಬಿಸಿಯೂಟದ ಲೆಕ್ಕ ಬರೆಯುವ ಮುಖ್ಯ ಗುರುಗಳನ್ನು ಕೇಳಿದರೆ ಈ ವಿಂಗಡಣೆಯನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಪೇಟೆಯಲ್ಲಿ ಮೊಟ್ಟೆಯ ದರ ಏರಿದಾಗ ಮೇಲಿನ ಪೈಸೆಗಳನ್ನು ಯಾರು ಹಾಕಬೇಕು ಎಂಬ ಪ್ರಶ್ನೆಯೂ ಅದೇ ಉಸಿರಿನಲ್ಲಿ ಬರುತ್ತದೆ. ಅದಕ್ಕೆ ವಹಿಯಲ್ಲಿ ಕಾಲಂ ಇಲ್ಲ.

ವಾರಕ್ಕೆ ಆರು ಮೊಟ್ಟೆ. ಎರಡು ಸರ್ಕಾರದ್ದು, ನಾಲ್ಕು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. 2024ರ ಜುಲೈನಲ್ಲಿ ರಾಜ್ಯ ಸರ್ಕಾರವೂ ಫೌಂಡೇಶನ್ನೂ ಒಪ್ಪಂದಕ್ಕೆ ಸಹಿ ಹಾಕಿದವು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಒಂದರಿಂದ ಹತ್ತನೇ ತರಗತಿವರೆಗಿನ 50 ಲಕ್ಷಕ್ಕೂ ಹೆಚ್ಚು ಮಕ್ಕಳು. ಸೆಪ್ಟೆಂಬರ್ 25ರಂದು ಶುರುವಾಯಿತು. ಮೋರಟಗಿಯ ಶಾಲೆಯಲ್ಲಿ ಕುಳಿತ ಹುಡುಗನಿಗೆ ಸೋಮವಾರದ ಮೊಟ್ಟೆ ಯಾರದು, ಗುರುವಾರದ್ದು ಯಾರದು ಎಂಬುದು ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಕಡತದಲ್ಲಿ ಮಾತ್ರ ಅವು ಬೇರೆ ಬೇರೆ ಖಾತೆಯ ಮೊಟ್ಟೆಗಳು.

ಆ ಎರಡು ಖಾತೆಗಳ ಜಾಡು ಹಿಡಿದು ಹಿಂದಕ್ಕೆ ಹೋಗಬೇಕು ಅನ್ನಿಸಿತು. ಸರ್ಕಾರದ ಕೈ ಮತ್ತು ಹೊರಗಿನ ದಾನಿಯ ಕೈ ಸೇರಿ ಈ ಸೀಮೆಯ ಮಕ್ಕಳಿಗೆ ಉಣಿಸತೊಡಗಿದ್ದು ಯಾವಾಗಿಂದ? ಉಣಿಸಿದ್ದು ಯಾವ ಮಕ್ಕಳಿಗೆ?

ಮೋರಟಗಿ ಸಿಂದಗಿ ತಾಲ್ಲೂಕಿನ ಊರು. ಸಿಂದಗಿಯಿಂದ ಜೇವರ್ಗಿ, ಕಲಬುರಗಿ ಕಡೆ ಹೊರಟ ಬಸ್ಸಿನ ದಾರಿಯಲ್ಲಿ ಸಿಗುತ್ತದೆ. ಅಲ್ಲಿಂದ ಇನ್ನಷ್ಟು ಪೂರ್ವಕ್ಕೆ ಹೋದರೆ ಜಿಲ್ಲೆ ಮುಗಿಯುತ್ತದೆ. ಇಂದು ಅದು ಬರೀ ಜಿಲ್ಲೆಯ ಗಡಿ. 1948ಕ್ಕೆ ಮೊದಲು ಈಚೆ ಕಡೆ ಮುಂಬಯಿ ಪ್ರಾಂತ್ಯ, ಆಚೆ ಕಡೆ ನಿಜಾಮನ ಸೀಮೆ. ಹಾಗಾಗಿ ಈ ಭಾಗದ ಹಸಿವಿನ ಚರಿತ್ರೆ ಹುಡುಕುವವರು ಮುಂಬಯಿಯ ಪತ್ರಾಗಾರದಲ್ಲಿ ಇಂಗ್ಲಿಷು, ಮೋಡಿ ಮರಾಠಿಯ ಜೊತೆ ಗುದ್ದಾಡಬೇಕು, ಹೈದರಾಬಾದಿನಲ್ಲಿ ಉರ್ದು ಬಲ್ಲವರ ಕೈಕಾಲು ಹಿಡಿಯಬೇಕು, 1956ರ ಏಕೀಕರಣದ ನಂತರದ್ದಕ್ಕೆ ಬೆಂಗಳೂರಿಗೆ ಬರಬೇಕು. ಇದರ ಮೇಲೆ ಊರು ಒಂದೇ ಇದ್ದರೂ ಅದರ ವಿಳಾಸ ಬದಲಾಗುತ್ತಲೇ ಹೋಗಿದೆ. ಮೊದಲು ಕಲಾದಗಿ ಜಿಲ್ಲೆ. 1885ರ ಹೊತ್ತಿಗೆ ಕಚೇರಿಗಳು ವಿಜಾಪುರಕ್ಕೆ ಬಂದ ಮೇಲೆ ಬಿಜಾಪುರ ಜಿಲ್ಲೆ. 1997ರಲ್ಲಿ ಬಾಗಲಕೋಟೆ ಬೇರೆಯಾಯಿತು. 2014ರ ನವೆಂಬರ್ 1ರಂದು ವಿಜಯಪುರ ಎಂದಾಯಿತು. ಈಚೆಗೆ ಸಿಂದಗಿಯ ಮೈಯಿಂದಲೇ ಆಲಮೇಲ, ದೇವರ ಹಿಪ್ಪರಗಿ ತಾಲ್ಲೂಕುಗಳು ಹುಟ್ಟಿವೆ. ಹತ್ತು ವರ್ಷದ ಹಿಂದಿನ ಸಿಂದಗಿಯ ಅಂಕಿಯನ್ನು ಇಂದಿನ ಸಿಂದಗಿಯ ಅಂಕಿಗೆ ಹೋಲಿಸಿ ಮಕ್ಕಳ ಸ್ಥಿತಿ ಸುಧಾರಿಸಿತು ಎಂದು ಯಾರಾದರೂ ಬರೆದರೆ, ಅದೇ ಹಳ್ಳಿಗಳನ್ನು ಎಣಿಸಿದ್ದಾರಾ ಎಂದು ಮೊದಲು ಕೇಳಬೇಕು.

ಆ ಹಳೆಯ ಗಡಿಗೆ ಇಂದಿಗೂ ಜೀವವಿದೆ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಾಗ ವಿಶೇಷ ಸ್ಥಾನ ಸಿಕ್ಕಿದ್ದು ನಿಜಾಮನ ಸೀಮೆಯಲ್ಲಿದ್ದ ಜಿಲ್ಲೆಗಳಿಗೂ ಬಳ್ಳಾರಿಗೂ. ಜೇವರ್ಗಿ ಒಳಗೆ, ಮೋರಟಗಿ ಹೊರಗೆ. ನೆಲ ಒಂದೇ ಎರೆ, ಮಳೆ ಒಂದೇ ಬಗೆಯಲ್ಲಿ ಕೈಕೊಡುತ್ತದೆ, ರೊಟ್ಟಿ ಅದೇ ಜೋಳದ್ದು. ಮಕ್ಕಳ ತೂಕವೂ ಗಡಿ ನೋಡಿ ಬದಲಾಗುವುದಿಲ್ಲ. ಆದರೆ ಎರಡು ಆದೇಶಗಳಲ್ಲಿ ಈ ಗೆರೆ ಅಳಿಸಿಹೋಗಿದ್ದನ್ನು ನೋಡಿದೆ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳೆಂದರೆ ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಅವುಗಳ ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆ. 2021ರ ಡಿಸೆಂಬರ್ 1ರಂದು ಶಾಲೆಯಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗಲೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸಾಲಿನ ಕೊನೆಗೆ ವಿಜಯಪುರದ ಹೆಸರಿತ್ತು. ಅನುದಾನದ ಪಟ್ಟಿಯಲ್ಲಿ ಬೇರೆ ಮಾಡಿದ ಜಿಲ್ಲೆಯನ್ನು ಹಸಿವಿನ ಪಟ್ಟಿಯಲ್ಲಿ ಒಟ್ಟಿಗೆ ಸೇರಿಸಿದ್ದಾರೆ.

2021ರ ಆ ಆದೇಶಕ್ಕೆ ಎದ್ದ ಗದ್ದಲ ನೆನಪಿರಬಹುದು. ಹಲವು ಮಠಾಧೀಶರು ವಿರೋಧಿಸಿದರು, ಬೀದಿಗಿಳಿಯುವ ಮಾತಾಡಿದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು, ಮೊಟ್ಟೆ ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಹೇಳಿದ್ದು ರಾಜ್ಯವೆಲ್ಲ ಹರಿದಾಡಿತು. ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗಿನ ಮಕ್ಕಳ ಜೊತೆ ತೂಗಿ ನೋಡಿದರು. ಯಾದಗಿರಿಯವರ ತೂಕ ಹೆಚ್ಚು ಏರಿತ್ತು. ಮರುವರ್ಷ ಮೊಟ್ಟೆ ರಾಜ್ಯಕ್ಕೆಲ್ಲ ಹೋಯಿತು. ಚರ್ಚೆ ನಡೆದದ್ದು ಧರ್ಮದ ಮಾತಿನಲ್ಲಿ, ಮುಗಿದದ್ದು ತಕ್ಕಡಿಯ ಮೇಲೆ. ನನಗೆ ಅದು ಸರಿಯಾದ ಜಾಗವೆಂದೇ ಅನ್ನಿಸಿತು.

ತಕ್ಕಡಿ ಬರುವ ಮೊದಲು ಮಗು ದಾಖಲೆಯಲ್ಲಿ ಹೇಗೆ ಕಾಣುತ್ತಿತ್ತು? ಮುಂಬಯಿ ಪ್ರಾಂತ್ಯದ ಗೆಜೆಟಿಯರ್ ಮಾಲೆಯ 23ನೇ ಸಂಪುಟ ಬಿಜಾಪುರದ್ದು, 1884ರಲ್ಲಿ ಅಚ್ಚಾದದ್ದು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳ ಮಣ್ಣು, ಬೆಳೆ, ಕಂದಾಯ ಎಲ್ಲ ಅದರಲ್ಲಿ ಸವಿಸ್ತಾರ. ಬರಗಳಿಗೂ ಜಾಗ ಕೊಟ್ಟಿದ್ದಾರೆ. 1791–92ರ ಡೋಗಿ ಬರ, ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದ ಬರ, ನೂರು ವರ್ಷದ ನಂತರವೂ ಜನರ ಬಾಯಲ್ಲಿತ್ತು. ಆಮೇಲೆ 1876–78. 1872ರ ಗಣತಿಯಲ್ಲಿ ಎಂಟು ಲಕ್ಷ ಮೀರಿದ್ದ ಕಲಾದಗಿ ಜಿಲ್ಲೆಯ ಜನ 1881ಕ್ಕೆ ಆರೂವರೆ ಲಕ್ಷವನ್ನೂ ಮುಟ್ಟಲಿಲ್ಲ. ಐದರಲ್ಲೊಂದು ಪಾಲು ಇಲ್ಲವಾಗಿತ್ತು, ಸತ್ತವರು ಎಷ್ಟೋ, ಸೀಮೆ ಬಿಟ್ಟವರು ಎಷ್ಟೋ. ಡೋಣಿ ಬೆಳೆದರೆ ಓಣೆಲ್ಲಾ ಜೋಳ, ಬೆಳೆಯದಿದ್ದರೆ ಓಣೆಲ್ಲಾ ಗೋಳ ಎಂದು ಡೋಣಿ ಹೊಳೆಯ ಈ ಸೀಮೆಯವರು ಸುಮ್ಮನೆ ಹೇಳುವುದಿಲ್ಲ.

ಆ ಬರದ ಕಾಲದಲ್ಲಿ ಅಧಿಕಾರಿಗಳ ನಡುವೆ ಒಂದು ದೊಡ್ಡ ಜಗಳ ನಡೆಯಿತು. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆ ಸಾಕು ಎಂದು, ಬರ ನೋಡಲು ಭಾರತ ಸರ್ಕಾರ ಕಳಿಸಿದ್ದ ರಿಚರ್ಡ್ ಟೆಂಪಲ್ ಮದ್ರಾಸಿಗೆ ಹೇಳಿದ. ಸಾಲದು, ಜನ ಸವೆದು ಸಾಯುತ್ತಾರೆ ಎಂದು ಅಲ್ಲಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಶ್ ಎದುರು ಬರೆದ. 1877ರಲ್ಲಿ ಟೆಂಪಲ್ ಮುಂಬಯಿಯ ಗವರ್ನರನಾದ, ಅಂದರೆ ಸಿಂದಗಿಗೂ ಅವನೇ ದೊರೆ. ಈ ಇಡೀ ವಾಗ್ವಾದದ ಅಳತೆಗೋಲು ಮಣ್ಣು ಹೊರುವ ಗಂಡಾಳು. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ, ಮಗುವಿಗೆ ಇನ್ನೂ ಕಡಿಮೆ, ಅಷ್ಟೇ. ಎದೆಹಾಲು ಬತ್ತಿದ ತಾಯಿಯ ಮಡಿಲ ಕೂಸಿಗೆ ಏನು ಕೊಡಬೇಕೆಂಬುದು ಆ ಲೆಕ್ಕದ ಒಳಗೆ ಬರುವುದೇ ಇಲ್ಲ. ಬರ ಸೀಮೆಗಳ ಆ ಕಾಲದ ಗಣತಿಯಲ್ಲಿ ಚಿಕ್ಕ ಮಕ್ಕಳನ್ನು ಹುಡುಕುವ ದಾರಿ ಒಂದೇ. ವಯಸ್ಸಿನ ಪಟ್ಟಿಯಲ್ಲಿ ಕೆಳಗಿನ ಸಾಲು ನೋಡಬೇಕು. ಇರಬೇಕಾದಷ್ಟು ಮಕ್ಕಳು ಅಲ್ಲಿರುವುದಿಲ್ಲ.

ಹೊರಗಿನ ದಾನ ಆಗಲೂ ಬಂದಿತ್ತು. 1877ರಲ್ಲಿ ಲಂಡನ್ನಿನಲ್ಲಿ ಮ್ಯಾನ್ಷನ್ ಹೌಸ್ ನಿಧಿ ಎತ್ತಿದರು. 1900ರ ಬರಕ್ಕೆ ಅಮೆರಿಕದ ಒಂದು ಕ್ರೈಸ್ತ ಪತ್ರಿಕೆ ಚಂದಾ ಕೂಡಿಸಿ ‘ಕ್ವಿಟೊ’ ಎಂಬ ಹಡಗಿನಲ್ಲಿ ಮೆಕ್ಕೆಜೋಳ ತುಂಬಿ ಮುಂಬಯಿಗೆ ಕಳಿಸಿತು. ಆ ಕಾಳು ಭೀಮೆಯ ದಂಡೆ ತನಕ ಬಂತು ಎನ್ನಲು ನನ್ನ ಬಳಿ ಕಾಗದವಿಲ್ಲ. ಆದರೆ ಅಮೆರಿಕದ ಹಳದಿ ಮೆಕ್ಕೆಜೋಳ ಅರವತ್ತು ವರ್ಷದ ನಂತರ ಈ ಊರುಗಳ ಶಾಲೆಗೆ ಬಂದದ್ದಕ್ಕೆ ಜೀವಂತ ಸಾಕ್ಷಿಗಳಿದ್ದಾರೆ.

ಅರವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ. ಕೇರ್ ಉಪ್ಪಿಟ್ಟು, ಹಾಲಿನ ಪುಡಿ ಎಂದ ಕೂಡಲೇ ಮುಖದಲ್ಲಿ ಅರ್ಧ ನಗೆ, ಅರ್ಧ ಮುಜುಗರ. ಹಿಟ್ಟಿನ ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರ, ಅಮೆರಿಕದ ಜನರ ಕೊಡುಗೆ, ಮಾರುವಂತಿಲ್ಲ ಎಂಬ ಬರಹ. ಚೀಲ ಬರಿದಾದ ಮೇಲೆ ಅದನ್ನೇ ಹೊಲಿದು ಪಾಟಿಚೀಲ ಮಾಡಿಕೊಂಡವರೂ ಇದ್ದಾರೆ. ಕೇರ್ ಸಂಸ್ಥೆ ಹುಟ್ಟಿದ್ದು 1945ರಲ್ಲಿ, ಎರಡನೇ ಮಹಾಯುದ್ಧದಿಂದ ಹಾಳಾದ ಯುರೋಪಿಗೆ ಪೊಟ್ಟಣ ಕಳಿಸಲು. ಭಾರತದ ಜೊತೆ ಅದರ ಒಪ್ಪಂದ 1950ರದು. 1954ರಲ್ಲಿ ಅಮೆರಿಕ ಮಾಡಿದ ಪಿಎಲ್ 480 ಕಾನೂನು ಅಲ್ಲಿನ ಕಣಜಗಳಲ್ಲಿ ಮಿಕ್ಕ ಧಾನ್ಯಕ್ಕೆ ದಾರಿ ಮಾಡಿಕೊಟ್ಟಿತು. ಸಾಗಣೆ, ಗೋದಾಮು, ಅಡುಗೆಯವರು, ಸೌದೆ ಇತ್ತ ಕಡೆಯ ಸರ್ಕಾರದ್ದು, ಹಿಟ್ಟು, ಎಣ್ಣೆ, ಹಾಲಿನ ಪುಡಿ ಅತ್ತ ಕಡೆಯದು. ಎರಡು ಖಾತೆಯ ಊಟ ಈ ನಾಡಿನ ಶಾಲೆಗಳಲ್ಲಿ ನೆಲೆಯೂರಿದ್ದು ಹೀಗೆ.

ಆ ಕಾಲದ ಆಡಳಿತ ವರದಿಗಳನ್ನು ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಎಷ್ಟು ಟನ್ ಬಂತು, ಎಷ್ಟು ಹಾಳಾಯಿತು, ಎಷ್ಟು ಶಾಲೆಗೆ ಹೋಯಿತು, ಎಷ್ಟು ಮಕ್ಕಳಿಗೆ ಎಂಬುದೆಲ್ಲ ಇರುತ್ತದೆ. ಖಾಲಿ ಚೀಲ, ಖಾಲಿ ಡಬ್ಬಿಗೂ ಲೆಕ್ಕ. ಮಗು ದಪ್ಪವಾಯಿತೇ, ಎತ್ತರವಾಯಿತೇ ಎಂಬುದು ಇಲ್ಲ. ದೋಷ ಗುಮಾಸ್ತನದಲ್ಲ. ಕೊಟ್ಟವನು ಕೇಳಿದ್ದು ಚೀಲದ ಲೆಕ್ಕ, ಇವನು ಬರೆದದ್ದೂ ಚೀಲದ ಲೆಕ್ಕ. ಇನ್ನೊಂದು ಮಾತು. ತಟ್ಟೆಗೆ ಏನು ಬೀಳಬೇಕು ಎಂಬುದನ್ನು ಮಗುವಿನ ಕೊರತೆಗಿಂತ ಕೊಡುವವರ ಮನೆಯಲ್ಲಿ ಏನು ಮಿಕ್ಕಿದೆ ಎಂಬುದೇ ಬಹುಪಾಲು ನಿರ್ಧರಿಸಿದೆ. ಅಮೆರಿಕದಲ್ಲಿ ಮೆಕ್ಕೆಜೋಳ, ಗೋಧಿ, ಹಾಲಿನ ಪುಡಿ ಮಿಕ್ಕಿತ್ತು. 2013ರ ಆಗಸ್ಟ್ 1ರಂದು ನಮ್ಮದೇ ಕ್ಷೀರಭಾಗ್ಯ ಶುರುವಾದಾಗ ಹಾಲು ಒಕ್ಕೂಟಗಳಲ್ಲಿ ಹಾಲು ಮಿಕ್ಕಿ ಪುಡಿಯಾಗಿ ಕೂತಿತ್ತು. ಮಕ್ಕಳಿಗೆ ಹಾಲು ಸಿಕ್ಕಿತಲ್ಲ, ಒಳ್ಳೆಯದೇ ಆಯಿತು. ಆದರೂ ಯಾವ ತುದಿಯಿಂದ ಯೋಚನೆ ಹೊರಟಿತು ಎಂಬುದು ಮುಂದೆ ಲೆಕ್ಕಕ್ಕೆ ಬರುತ್ತದೆ.

ಮಗುವಿನ ಕಡೆಯಿಂದ, ಅದರಲ್ಲೂ ಈ ಸೀಮೆಯ ಬೆಳೆಯಿಂದ ಯೋಚಿಸಿದವರೂ ಇದ್ದರು. ಅವರ ಕಾಗದಪತ್ರಗಳ ಜಾಡು ಮೈಸೂರಿಗೆ ಹೋಗುತ್ತದೆ. 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಹುರಿಗಡಲೆ ಹಿಟ್ಟು ಕಾಲು ಪಾಲು, ಅದಕ್ಕೆ ಜೀವಸತ್ವ, ಸುಣ್ಣದ ಅಂಶ. ಇದನ್ನು ಅವರು ಬಹೂಪಯೋಗಿ ಆಹಾರ ಎಂದರು, ಅಮೆರಿಕದ ಮೀಲ್ಸ್ ಫಾರ್ ಮಿಲಿಯನ್ಸ್ ಸಂಸ್ಥೆ ಅದಕ್ಕೆ ಜೊತೆಗೂಡಿತು. ವಿಜಾಪುರ ಸೀಮೆಯಲ್ಲಿ ಶೇಂಗಾ ಹೋಳಿಗೆಯಿಲ್ಲದೆ ಹಬ್ಬವಿಲ್ಲ, ಶೇಂಗಾ ಹಿಂಡಿಯಿಲ್ಲದೆ ರೊಟ್ಟಿಯಿಲ್ಲ. ಗಾಣದಿಂದ ಹೊರಬಿದ್ದ ಹಿಂಡಿ ಮಾತ್ರ ದನಕ್ಕೆ. ಅದರಲ್ಲಿರುವ ಪ್ರೋಟೀನನ್ನು ಮಕ್ಕಳ ಬಾಯಿಗೆ ತರುವುದು ಮೈಸೂರಿನವರ ಹಂಚಿಕೆ. ಜೋಳ ಉಣ್ಣುವವರ ನಾಡಿಗೆ ಇದು ಬೇಕಾಗಿಯೂ ಇತ್ತು. ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ಚರ್ಮದ, ನರದ ಕಾಯಿಲೆ ಕಾಣುವುದಕ್ಕೆ ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಕಾರಣವಿರಬಹುದು ಎಂದು ಹೈದರಾಬಾದಿನ ಪೌಷ್ಟಿಕಾಂಶ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ವಾದ ಆಮೇಲೆ ಬೇರೆ ಬೇರೆ ತಿರುವು ಪಡೆಯಿತು. ಜೋಳದ ಜೊತೆ ಬೇಳೆ, ಹಾಲು ಬೇಕು ಎಂಬುದರಲ್ಲಿ ತಕರಾರಿರಲಿಲ್ಲ.

ಅದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತವು. ಕಾರಣ ಹುಡುಕಿದರೆ ಅವುಗಳ ಮೇವಿನ ಶೇಂಗಾ ಹಿಂಡಿಯಲ್ಲಿ ಬೂಷ್ಟು, ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ವಿಷ. ಶೇಂಗಾ ಹಿಟ್ಟಿನ ಮೇಲೆ ಭರವಸೆ ಇಟ್ಟಿದ್ದ ಯುನಿಸೆಫ್‌ನಂಥ ಸಂಸ್ಥೆಗಳು ಹಿಂಜರಿದವು. ಮೈಸೂರಿನವರು ಬೂಷ್ಟಿನ ಕಾಳು ಆರಿಸಿ ತೆಗೆಯುವ, ವಿಷ ಕಳೆಯುವ ಕೆಲಸಕ್ಕೆ ಬಿದ್ದರು. ಬಾಲ ಆಹಾರ, ಎಮ್ಮೆ ಹಾಲಿಗೆ ಶೇಂಗಾ ಪ್ರೋಟೀನು ಬೆರೆಸಿದ ಮಿಲ್ಟೋನ್, ಅಂಗನವಾಡಿಗೆ ಬಂದ ಎನರ್ಜಿ ಫುಡ್ ಎಲ್ಲ ಆ ಪ್ರಯೋಗಾಲಯದ ವಂಶದವೇ.

ಶೇಂಗಾ ಇನ್ನೊಂದು ಸುತ್ತು ಹಾಕಿ ಬಂತು. 1990ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಬ್ರಿಯಾಂ ಮತ್ತು ನ್ಯೂಟ್ರಿಸೆಟ್ ಕಂಪನಿಯವರು ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಅರೆದು ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಪೊಟ್ಟಣದ ಪೇಸ್ಟು ಮಾಡಿದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವು ಇದನ್ನು ಮನೆಯಲ್ಲೇ ಕೊಟ್ಟು ಚಿಕಿತ್ಸೆ ಮಾಡಬಹುದೆಂದು ಜಂಟಿ ಹೇಳಿಕೆ ಕೊಟ್ಟವು. 2009ರಲ್ಲಿ ಯುನಿಸೆಫ್ ಅದನ್ನು ಬಿಹಾರ, ಮಧ್ಯಪ್ರದೇಶಕ್ಕೆ ತರಿಸಿತು. ನಮ್ಮ ಒಪ್ಪಿಗೆ ಪಡೆದಿಲ್ಲ ಎಂದು ಕೇಂದ್ರ ಸರ್ಕಾರ ಅದನ್ನು ದೇಶದಿಂದ ಆಚೆ ಕಳಿಸಿತು. ಮಗುವಿಗೆ ಪೊಟ್ಟಣ ಬೇಕೋ ಬಿಸಿ ಊಟ ಬೇಕೋ ಎಂಬ ವಾದ ಇನ್ನೂ ನಡೆದಿದೆ. ಇತ್ತ ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ ಎಂದಾಯಿತು. ಚಿಕ್ಕಿಯ ಗುಣಮಟ್ಟದ ಬಗ್ಗೆ, ಸಕ್ಕರೆ ಮತ್ತು ಕೊಬ್ಬಿನ ಬಗ್ಗೆ ದೂರು ಬಂದು 2025ರ ಆರಂಭದಲ್ಲಿ ಅದನ್ನೂ ನಿಲ್ಲಿಸಿದರು.

ದಾನಿಗಳ ಮಾತಿನಲ್ಲಿ ಮುಳುಗಿದರೆ ಮರೆತುಹೋಗುವ ಒಂದು ದಾಖಲೆಯಿದೆ, ಅದು ನ್ಯಾಯಾಲಯದ್ದು. ಶಾಲೆಯಲ್ಲಿ ಮೂರು ಕೇಜಿ ಅಕ್ಕಿ ಅಳೆದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದ ಕಾಲ ಮುಗಿದದ್ದು ಯಾರ ಔದಾರ್ಯದಿಂದಲೂ ಅಲ್ಲ. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು, ಬೇಯಿಸಿದ ಊಟವನ್ನೇ ಕೊಡಿ, ದಿನಕ್ಕೆ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ 200 ದಿನ ಎಂದು ರಾಜ್ಯಗಳಿಗೆ ಹೇಳಿತು. ಮೇಲೆ ಹೇಳಿದ ಏಳು ಜಿಲ್ಲೆಗಳ ಆದೇಶ ಅದರ ಬೆನ್ನಿಗೇ ಬಂದದ್ದು. ಅಂಗನವಾಡಿಯ ಆಹಾರದಲ್ಲಿ ಗುತ್ತಿಗೆದಾರರು ಬೇಡ ಎಂದು 2004ರಲ್ಲಿ ಅದೇ ನ್ಯಾಯಾಲಯ ಹೇಳಿತು. ಗುತ್ತಿಗೆದಾರ ಹೆಸರು ಬದಲಿಸಿ ಮಹಿಳೆಯರ ಆಹಾರ ತಯಾರಿಕಾ ಕೇಂದ್ರಗಳ ಹಿಂದೆ ಕೂತ ಕಥೆ ಲೋಕಾಯುಕ್ತದ ತನಕ ಹೋಯಿತು. 2011ರಲ್ಲಿ ರಾಯಚೂರು ಜಿಲ್ಲೆಯ, ಅದರಲ್ಲೂ ದೇವದುರ್ಗದ ಮಕ್ಕಳ ಸಾವಿನ ಸುದ್ದಿ ಬಂದ ಮೇಲೆ ಹೈಕೋರ್ಟು ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ನೇಮಿಸಿತು, 2012ರಲ್ಲಿ ವರದಿ ಬಂತು. ನಿವೃತ್ತ ಐಎಎಸ್ ಅಧಿಕಾರಿ ವೀಣಾ ಎಸ್. ರಾವ್ ಸಲಹೆಗಾರ್ತಿಯಾಗಿದ್ದ ಕರ್ನಾಟಕ ಪೌಷ್ಟಿಕತೆ ಮಿಷನ್ನಿನವರು ಗುಬ್ಬಿ, ಶಿಕಾರಿಪುರ, ಬಳ್ಳಾರಿ ಗ್ರಾಮಾಂತರಗಳಲ್ಲಿ ಒಂದು ಪ್ರಯೋಗ ಮಾಡಿದರು. ಮೂರು ವರ್ಷದೊಳಗಿನ ಮಗು, ಗರ್ಭಿಣಿ, ಬಾಣಂತಿ, ಹದಿಹರೆಯದ ಹುಡುಗಿ, ಇವರನ್ನು ಒಂದೇ ಸರಪಳಿಯೆಂದು ಹಿಡಿದು ಒಟ್ಟಿಗೇ ಉಣಿಸುವುದು ಅದರ ತಿರುಳು. ನಾನು ಓದಿದ ಕಡತಗಳಲ್ಲೆಲ್ಲ ಅತಿ ಸರಿಯಾದ ಯೋಚನೆ ಅದೇ ಅನ್ನಿಸಿತು. ಮೂರು ಬ್ಲಾಕಿನ ಪ್ರಯೋಗಕ್ಕೆ ಸಿಕ್ಕ ಹಣವೆಷ್ಟು, ಶಾಲೆಯ ಮೊಟ್ಟೆಗೆ ಸಿಕ್ಕ ಹಣವೆಷ್ಟು ಎಂದು ಹೋಲಿಸಲು ಹೊರಟರೆ ಹೋಲಿಕೆಯೇ ಆಗುವುದಿಲ್ಲ.

ಇಲ್ಲಿಗೆ ನನ್ನ ಎರಡನೇ ಪ್ರಶ್ನೆ ಬಂತು, ಯಾವ ಮಕ್ಕಳು? ಅದಕ್ಕೆ ಉತ್ತರವಿರುವುದು ಪತ್ರಾಗಾರದಲ್ಲಲ್ಲ, ಅಂಗನವಾಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿ.

1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಶುರುವಾದ ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ, ನೂರು ಅಂಗನವಾಡಿ. ಸಿಬ್ಬಂದಿಯ ಖರ್ಚು ಕೇಂದ್ರದ್ದು, ಆಹಾರ ರಾಜ್ಯದ್ದು, ತರಬೇತಿಗೆ ಮತ್ತು ಸಲಕರಣೆಗೆ ಯುನಿಸೆಫ್ ನೆರವು. ಚೀಲದ ಲೆಕ್ಕದ ಪಕ್ಕದಲ್ಲಿ ಮಗುವಿನ ತೂಕದ ಲೆಕ್ಕ ಕೂತದ್ದು ಇದರಿಂದ. ಪ್ರತಿ ಮಗುವಿಗೂ ಒಂದು ಬೆಳವಣಿಗೆ ಪಟ್ಟಿ, ತಿಂಗಳಿಗೊಂದು ಚುಕ್ಕೆ, ಚುಕ್ಕೆಗಳನ್ನು ಸೇರಿಸುವ ಗೆರೆ. ಹಳೆಯ ಪುಸ್ತಕಗಳಲ್ಲಿ ಒಂದರಿಂದ ನಾಲ್ಕನೇ ದರ್ಜೆಯ ಅಪೌಷ್ಟಿಕತೆ ಎಂದು ಬರೆದಿರುತ್ತದೆ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಮಾನದಂಡ ಬಂದು, ಕೆಲವು ವರ್ಷದಲ್ಲಿ ಅದೇ ಇಲ್ಲಿಯೂ ಜಾರಿಯಾಗಿ, ಹುಡುಗರಿಗೊಂದು ಹುಡುಗಿಯರಿಗೊಂದು ಪಟ್ಟಿ, ಹಸಿರು, ಹಳದಿ, ಕಿತ್ತಳೆ ಬಣ್ಣ ಆದವು. ನೆನ್ನೆ ಎರಡನೇ ದರ್ಜೆಯಲ್ಲಿದ್ದ ಮಗು ಒಂದು ಗ್ರಾಂ ಏರದೆ ಇಳಿಯದೆ ಬೇರೆ ಪಂಗಡಕ್ಕೆ ಹೋಯಿತು. ಈ ಬಿರುಕಿನ ಎರಡೂ ಕಡೆಯ ಅಂಕಿಗಳನ್ನು ಒಂದೇ ಗೆರೆಯಲ್ಲಿ ಎಳೆದ ವರದಿಗಳನ್ನು ನಾನು ಬದಿಗಿಟ್ಟೆ.

ಈ ಭಾಗದ ಒಂದು ಅಂಗನವಾಡಿಯಲ್ಲಿ ಟೀಚರಮ್ಮ ನೋಂದಣಿ ವಹಿ ತೆಗೆದು ತೋರಿಸಿದರು. ಮೂರು ವರ್ಷ ದಾಟಿದ ಮಕ್ಕಳ ಸಾಲುಗಳು ತುಂಬಿದ್ದವು. ಅವರು ದಿನಾ ಬರುತ್ತಾರೆ, ಉಣ್ಣುತ್ತಾರೆ, ವಾರಕ್ಕೆ ಎರಡು ಮೊಟ್ಟೆಯೂ ಇದೆ, ತಕ್ಕಡಿಗೆ ಸಿಗುತ್ತಾರೆ. ಅದಕ್ಕಿಂತ ಚಿಕ್ಕವರ ಹಾಳೆಗಳಲ್ಲಿ ಅಲ್ಲಲ್ಲಿ ಖಾಲಿ ಮನೆಗಳು. ಬೆರಳಿಟ್ಟು ಹೇಳಿದರು: “ಇಕಿದು ನೋಡ್ರಿ, ದೀಪಾವಳಿ ಆದಮ್ಯಾಲ ತೂಕಾನ ಇಲ್ಲ. ಕಬ್ಬು ಕಡಿಲಾಕ ಹೋಗ್ಯಾರ್ರಿ. ಕೂಸಿನ್ನ ಯಾರ ಹಂತ್ಯಾಕ ಬಿಟ್ಟ ಹೋಗಬೇಕ? ಸಂಗಾಟ ಒಯ್ದಾರ.” ಮನೆಯಲ್ಲಿ ಏನು ಉಣಿಸುತ್ತಾರೆ ಎಂದು ಕೇಳಿದೆ. “ದೊಡ್ಡಾಕಿ ಮನ್ಯಾಗ ಇದ್ರ ಮುಟಗಿ ಮಾಡಿ, ನುಚ್ಚ ಕಲಿಸಿ ತಿನಸ್ತಾಳ್ರಿ. ತಾಯಿ ಹೊಲಕ್ಕ ಹ್ವಾದ್ರ ಆತು, ಚಾದಾಗ ಬಿಸ್ಕೀಟ ಎದ್ದಿ ಕೊಡೂದು. ಕೂಸು ಸುಮ್ಮ ಆಗತೈತಲ್ರಿ.” ಮೂರು ವರ್ಷದೊಳಗಿನವರಿಗೆಂದು ಕೊಡುವ ಪುಷ್ಟಿ ಹಿಟ್ಟು ಮನೆಗೆ ಹೋಗುತ್ತದೆ. ಮನೆಗೆ ಹೋದ ಹಿಟ್ಟು ಮನೆಮಂದಿಗೆಲ್ಲ ಹಂಚಿಕೆಯಾಗುತ್ತದೆ. 2017ರಲ್ಲಿ ಪರಿಷ್ಕರಿಸಿದ ದರದ ಪ್ರಕಾರ ಆರು ವರ್ಷದೊಳಗಿನ ಮಗುವಿನ ದಿನದ ಪೂರಕ ಆಹಾರಕ್ಕೆ ಎಂಟು ರೂಪಾಯಿ, ತೀರ ಸೊರಗಿದ ಮಗುವಿಗೆ ಹನ್ನೆರಡು. ಗರ್ಭಿಣಿಯರು ಅಂಗನವಾಡಿಗೇ ಬಂದು ಬಿಸಿ ಊಟ ಮಾಡಲಿ ಎಂದು ಅದೇ ವರ್ಷ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು. ಕಳೆ ಕೀಳಲು ಹೊಲದಲ್ಲಿರುವ ಬಸುರಿ ಮಧ್ಯಾಹ್ನ ಊರೊಳಗಿನ ಅಂಗನವಾಡಿಗೆ ನಡೆದು ಬರಬೇಕೆಂಬುದು ಆ ಯೋಜನೆಯ ಲೆಕ್ಕ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಈ ವಹಿಯ ಪಕ್ಕದಲ್ಲಿಟ್ಟು ಓದಬೇಕು. 2015–16ರಿಂದ 2019–20ರ ನಡುವೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ 26.1ರಿಂದ 19.5ಕ್ಕೆ ಇಳಿದರು. ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ 36.2ರಿಂದ 35.4ಕ್ಕೆ ಬಂದರು, ಅಂದರೆ ಹೆಚ್ಚುಕಡಿಮೆ ಅಲ್ಲೇ ನಿಂತರು. ತೂಕ ಒಂದು ಸುಗ್ಗಿಯಲ್ಲಿ ಏರಬಹುದು. ಎತ್ತರ ಕುಂಠಿತವಾಗುವುದು ಗರ್ಭದಿಂದ ಹಿಡಿದು ಎರಡು ವರ್ಷ ತುಂಬುವವರೆಗಿನ ಅವಧಿಯಲ್ಲಿ, ಆಮೇಲೆ ತುಂಬಿಕೊಡುವುದು ಕಷ್ಟ. ಒಂದನೇ ತರಗತಿಗೆ ಬಂದ ಮಗುವಿಗೆ ವಾರಕ್ಕೆ ಆರು ಮೊಟ್ಟೆ ಸಿಗುವ ಹೊತ್ತಿಗೆ ಆ ಅವಧಿ ಮುಗಿದು ನಾಲ್ಕು ವರ್ಷವಾಗಿರುತ್ತದೆ.

ಶಾಲೆಯ ಮೊಟ್ಟೆ ಬೇಡ ಎಂದು ನಾನು ಹೇಳುತ್ತಿಲ್ಲ. ಯಾದಗಿರಿಯ ತಕ್ಕಡಿ ಹೇಳಿದ್ದು ಸುಳ್ಳಲ್ಲ. ದಾನಿಗಳು ಶಾಲೆಗೇ ಏಕೆ ಬರುತ್ತಾರೆ ಎಂಬುದು ಕಡತಗಳನ್ನು ಓದುತ್ತ ಓದುತ್ತ ಸ್ಪಷ್ಟವಾಯಿತು. ಶಾಲೆಯಲ್ಲಿ ಹಾಜರಿ ಪುಸ್ತಕವಿದೆ, ಗುರುಗಳಿದ್ದಾರೆ, ಅಡುಗೆಮನೆಯಿದೆ, ಮಕ್ಕಳು ಹೊತ್ತಿಗೆ ಸರಿಯಾಗಿ ಸಾಲಾಗಿ ಕೂರುತ್ತಾರೆ. ಕೇರ್‌ಗೂ ಅದೇ ಅನುಕೂಲವಾಗಿತ್ತು. 2024ರ ಫೆಬ್ರುವರಿಯಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿರುವ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟಿಗೂ ಅದೇ. 2000ದಲ್ಲಿ ಬೆಂಗಳೂರಿನ ಐದು ಶಾಲೆಯ 1,500 ಮಕ್ಕಳಿಂದ ಹೊರಟ ಅಕ್ಷಯ ಪಾತ್ರ ಸಂಸ್ಥೆಗೂ ಅದೇ. ಕೊಟ್ಟದ್ದಕ್ಕೆ ಲೆಕ್ಕ ಬೇಕು, ಶಾಲೆ ಲೆಕ್ಕ ಕೊಡುತ್ತದೆ. ಹದಿನಾಲ್ಕು ತಿಂಗಳ ಕೂಸು ಲೆಕ್ಕ ಕೊಡುವುದಿಲ್ಲ. ಅದು ತಾಯಿಯ ಬೆನ್ನಿನಲ್ಲಿರುತ್ತದೆ, ತಾಯಿ ಇದ್ದಲ್ಲಿ ಇರುತ್ತದೆ. ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ತಿನ್ನಿಸಬೇಕು. ಅದಕ್ಕೆ ಬೇಕಾದದ್ದು ಲಾರಿಯಲ್ಲ, ಆ ತಾಯಿಗೆ ಪುರುಸೊತ್ತು, ಆ ಪುರುಸೊತ್ತಿಗೆ ಕೂಲಿ, ಇಲ್ಲವೇ ಹೊಲದ ಬದುವಿನಲ್ಲೊಂದು ಕೂಸಿನ ಮನೆ. ಇದನ್ನು ಟನ್ನಿನಲ್ಲಿ ಬರೆಯಲಾಗದು.

ಕೂಸನ್ನೂ ಲೆಕ್ಕಕ್ಕೆ ತರುವ ಯತ್ನದಲ್ಲಿಯೂ ಎರಡು ಕೈ ಸೇರಿದ್ದವು. 2018ರ ಮಾರ್ಚ್ 8ರಂದು ಪೋಷಣ್ ಅಭಿಯಾನ ಶುರುವಾದಾಗ ಅಂಗನವಾಡಿ ಟೀಚರುಗಳ ಕೈಗೆ ಬಂದ ಮೊಬೈಲ್ ತಂತ್ರಾಂಶದ ಹಿಂದೆ ಗೇಟ್ಸ್ ಫೌಂಡೇಶನ್ನಿನ ನೆರವಿತ್ತು. ಆಮೇಲೆ ಅದನ್ನು ಬಿಟ್ಟು 2021ರ ಮಾರ್ಚ್‌ನಲ್ಲಿ ಸರ್ಕಾರವೇ ಪೋಷಣ್ ಟ್ರ್ಯಾಕರ್ ತಂದಿತು. ಅದರಲ್ಲಿ ಒಂದು ಸೌಲಭ್ಯವಿದೆ. ಊರು ಬಿಟ್ಟು ಹೋದ ಮಗುವಿನ ಹೆಸರನ್ನು ಹೋದ ಊರಿನ ಅಂಗನವಾಡಿಗೆ ವರ್ಗಾಯಿಸಬಹುದು, ರಾಜ್ಯದ ಗಡಿಯಾಚೆಗೂ. ಕಾಗದದ ಮೇಲೆ ಸಿಂದಗಿಯ ವಹಿಯ ಖಾಲಿ ಮನೆಗಳಿಗೆ ಇದೇ ಉತ್ತರ. ಆದರೆ ವರ್ಗಾವಣೆ ಆಗಬೇಕಾದರೆ ಆ ಕುಟುಂಬ ಅಲ್ಲಿನ ಅಂಗನವಾಡಿಯ ಬಾಗಿಲಿಗೆ ಹೋಗಬೇಕು. ಕಬ್ಬಿನ ಗ್ಯಾಂಗು ಇರುವುದು ಊರಲ್ಲಲ್ಲ, ಗದ್ದೆಯ ಪಕ್ಕದ ಜೋಪಡಿಯಲ್ಲಿ. ಒಂದು ಗದ್ದೆ ಮುಗಿದರೆ ಇನ್ನೊಂದಕ್ಕೆ. ಟೀಚರಮ್ಮನನ್ನು ಈ ಸೌಲಭ್ಯದ ಬಗ್ಗೆ ಕೇಳಿದೆ. “ಅವರು ಯಾವ ಊರಾಗ ಅದಾರಂತ ನಮಗ ಗೊತ್ತಿದ್ರಲ್ರಿ” ಎಂದರು. ಈ ಗ್ಯಾಂಗುಗಳು ಹೋಗುವ ಮಹಾರಾಷ್ಟ್ರದ ಸರ್ಕಾರ ವಲಸೆ ಹೋಗುವ ತಾಯಿ ಮಕ್ಕಳ ಜಾಡು ಹಿಡಿಯುವ ತನ್ನದೇ ವ್ಯವಸ್ಥೆ ಶುರುಮಾಡಿದೆ. ಅಲ್ಲಿನ ನೋಂದಣಿಯಲ್ಲಿ ಸಿಂದಗಿ ತಾಲ್ಲೂಕಿನ ಹೆಸರುಗಳು ಇವೆಯೋ ಇಲ್ಲವೋ ನೋಡಬೇಕು. ಸಾಂಗ್ಲಿ, ಕೊಲ್ಹಾಪುರದ ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿಯುವುದರೊಳಗೆ ಹೋಗಬೇಕು, ಆಮೇಲೆ ಗದ್ದೆಯ ಬದಿಯಲ್ಲಿ ಕೇಳಲು ಯಾರೂ ಇರುವುದಿಲ್ಲ.